ಬೇರು ನೋಡದೆ ಕಿತ್ತ ಅಣಬೆ

ಆಯಿಗೆ ಮಣ್ಣು ಕೊಟ್ಟು ಮೂರು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಹಾಲಿನಂಗಡಿಯ ಮುಂದೆ ನಿಂತ ಗೃಹಸ್ಥರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು. “ಆ ಅಣಬಿ ಮಾರೂ ಮುದುಕಿ ಹೋದ್ಲಂತ್ರಿ. ಗೊತ್ತಾಗಲಿಲ್ಲೇನು? ಸಾಲಿ ಅಕ್ಕೋರ ಮನಿಮಂದಿಗೆಲ್ಲಾ ವಿಷದ ಅಣಬಿ ಕೊಟ್ಟಿದ್ಲಲ್ಲಾ, ಅಕಿ.”

ಆ ಸಾಲಿ ಅಕ್ಕೋರು ನಾನು. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಅವರ ಬೆನ್ನ ಹಿಂದೆಯೇ ನಿಂತಿದ್ದೆ. “ಅಕಿ ಕೊಟ್ಟದ್ದಲ್ರಿ ಅದು. ನಾನ ಕಿತ್ತ ತಂದದ್ದು” ಅಂದೆ. ಅವರು ತಿರುಗಿ ನೋಡಿ ಕೈ ಮುಗಿದರು. “ನಿಮ್ಮ ಮನಸ ಭಾಳ ದೊಡ್ಡದ್ರಿ ಅಕ್ಕೋರ. ಸತ್ತವರ ಮ್ಯಾಲೆ ಮಾತ ಬರಬಾರದಂತ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ” ಎಂದು ಹಾಲಿನ ಪಾಕೀಟು ತೆಗೆದುಕೊಂಡು ನಡೆದರು.

ನನ್ನ ಮನಸ್ಸು ದೊಡ್ಡದಲ್ಲ. ಇದ್ದಿದ್ದರೆ ಇದನ್ನು ಬರೆಯುವ ಪಾಳಿಯೇ ಬರುತ್ತಿರಲಿಲ್ಲ.

ಆಯಿ ನನಗೆ ಬಂಧುವಲ್ಲ, ಬಳಗವಲ್ಲ. ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಅಂದೆ. ಹರೆಯದಲ್ಲಿ ಹತ್ತಿ ಜಿನ್ನಿನಲ್ಲಿ ಕೂಲಿಗೆ ಹೋಗುತ್ತಿದ್ದಳಂತೆ. ಜಿನ್ನು ಮುಚ್ಚಿತು. ಆ ಮಳೆಗಾಲದಲ್ಲಿ ಅದರ ಖಾಲಿ ಅಂಗಳದ ತುಂಬ ಹಕ್ಕರಕಿ ಸೊಪ್ಪು ಎದ್ದಿತು. ಕಿತ್ತು ಬುಟ್ಟಿ ತುಂಬಿಕೊಂಡು ಪೇಟೆಗೆ ಬಂದು ಕುಳಿತಳು. “ಕೆಲಸಾ ಬಿಡಿಸಿದ್ರು, ಅಂಗಳಾ ಬಿಡಸಾಕ ಆಗಲಿಲ್ಲ ನೋಡ್ರಿ ಅವರಿಗೆ” ಎಂದು ಹೇಳಿ ಹೇಳಿ ನಗುತ್ತಿದ್ದಳು. ಅಲ್ಲಿಂದ ಸಾಯುವತನಕ ಆಕೆಗೆ ಹೊಲವೆಂದರೆ ಈ ಊರೇ. ನೀರಿನ ಟ್ಯಾಂಕಿ ಸೋರುವ ಕಡೆ ಗೋಳಿ ಪಲ್ಲೆ. ಕೋರ್ಟಿನ ಹಿಂಬದಿಯ ಗೋಡೆಗುಂಟ ತಗಚಿ. ಹೊಲವಿದ್ದದ್ದು ಎನ್.ಎ. ಆಗಿ, ಕಲ್ಲು ನೆಟ್ಟು, ಯಾರೂ ಮನೆ ಕಟ್ಟದ ಪ್ಲಾಟುಗಳಲ್ಲಿ ಕಿರಕಸಾಲಿ. ನೇಸರಗಿ ರಸ್ತೆಯ ಹುಣಸೆ ಮರಗಳು ಚಿಗುರುವ ವಾರ ಯಾವುದೆಂದು ಆಕೆಗೆ ಬಾಯಿಪಾಠ.

ಗಿಡ್ಡ ಆಳು. ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಕಟ್ಟಿ, ಕುಪ್ಪಸದ ಮೇಲೆ ಗಂಡಸರ ಅಂಗಿ ತೊಟ್ಟು, ಸೊಂಟಕ್ಕೆ ಕಳೆ ತೆಗೆಯುವ ಕುರ್ಪಿ ಸಿಗಿಸಿಕೊಂಡು ನಡೆಯುತ್ತಿದ್ದಳು. ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಹೀಗಾಗಿ ಊರಿನ ಮಂದಿಯ ಮುಖಕ್ಕಿಂತ ಅವರ ಚಪ್ಪಲಿಯ ಗುರುತೇ ಆಕೆಗೆ ಹೆಚ್ಚು. ನಾನು ಎದುರಾದರೆ ತಲೆ ಎತ್ತದೆಯೇ, “ಅಕ್ಕೋರ, ಎಡಗಾಲಿಂದು ಅಂಗುಟ ಕಿತ್ತೈತಿ, ಹೊಲಿಸ್ಕೋರಿ” ಎನ್ನುವಳು.

ನಮ್ಮ ಶಾಲೆಯ ಮೈದಾನಕ್ಕೂ ಬರುತ್ತಿದ್ದಳು. ನಾನು ಮೊದಲು ಕಂಡದ್ದು ಅಲ್ಲಿಯೇ, ಗೇಟಿನಲ್ಲಿ ಸಿಪಾಯಿಯ ಸಂಗಡ ಜಗಳ ನಡೆದಾಗ. “ಪರ್ಮಿಶನ್ ಐತೇನ್ ನಿನಗ?” ಎಂದು ಅವನು ಅಡ್ಡ ನಿಂತಿದ್ದ. ಆಕೆ ಕೈಯಲ್ಲಿದ್ದ ಹಕ್ಕರಕಿಯನ್ನು ಅವನ ಮೂಗಿನ ಹತ್ತಿರ ಹಿಡಿದು, “ಇದಕ್ಕ ನೀರ ಹಾಕಿದಾವ ಯಾವ? ಅವನ್ನ ಕರಿ. ಅವ ಬ್ಯಾಡ ಅಂದ್ರ ಬಿಟ್ಟ ಹೋಗತೇನಿ” ಅಂದಳು. ಸಿಪಾಯಿ ನನ್ನ ಕಡೆ ನೋಡಿದ. ನಾನು ನಕ್ಕುಬಿಟ್ಟೆ. ಆಯಿ ಒಳಗೆ ಬಂದಳು. ಆಮೇಲೆ ಅದೇ ಸಿಪಾಯಿ ವಾರಕ್ಕೊಂದು ಹಿಡಿ ಪಲ್ಲೆ ಒಯ್ಯತೊಡಗಿದ.

ಯಾರಿಗೂ ಸೊಪ್ಪು ಹಾಕುವ ಹೆಂಗಸಲ್ಲ ಆಕೆ. ಕೋರ್ಟಿನ ಹಿಂದೆ ಒಮ್ಮೆ ಕಸ ಸಾಯುವ ಔಷಧ ಹೊಡೆಯಲು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಒಬ್ಬ ಬಂದ. ಆಯಿ ತಗಚಿಯ ನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತಳು. “ಕಸಾ ಹೊಡ್ಯಾಕ ಬಂದೀಯಲ್ಲಾ, ಮೊದಲ ನನಗ ಹೊಡಿ. ಈ ಊರಾಗ ಎಲ್ಲಾರೂ ನನಗ ಕಸಾನ ಅಂತಾರ” ಎಂದಳಂತೆ. ಅವನು ಬಿಸಿಲಲ್ಲಿ ಒಂದು ತಾಸು ಕಾದ. ಆಯಿ ಏಳಲಿಲ್ಲ. ಕಡೆಗೆ ಅವನೇ ಮುಂದಿನ ಬದಿಗೆ ಹೊಡೆದು ಹೋದ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕಿತ್ತೂರು, ಯರಗಟ್ಟಿ, ಒಮ್ಮೊಮ್ಮೆ ರಾಮದುರ್ಗದತನಕ ಆಕೆಯ ಸವಾರಿ. ಕಂಡಕ್ಟರು ಬುಟ್ಟಿಯ ಮಣ್ಣು ನೋಡಿ ಮುಖ ಸಿಂಡರಿಸಿದರೆ, “ಮಣ್ಣ ಅಂದ್ರ ಹೇಸಿಗಿ ಬರತೈತೇನೋ ತಮ್ಮಾ? ಮಧ್ಯಾಹ್ನ ಉಣ್ಣೂ ರೊಟ್ಟಿ ಯಾವ ಮುಗಿಲಾಗ ಬೆಳದೈತಿ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಅನ್ನುತ್ತಿದ್ದಳು.

ಹಾಗೆಂದು ಸಿಕ್ಕಲ್ಲೆಲ್ಲ ಕೀಳುವವಳಲ್ಲ. ಗಟಾರದ ದಂಡೆಯದು ಬೇಡ, ಗ್ಯಾರೇಜಿನ ಎಣ್ಣೆ ಬಿದ್ದ ಜಾಗದ್ದು ಬೇಡ, ನಾಯಿ ಕಾಲೆತ್ತುವ ಮೂಲೆಯದಂತೂ ಬೇಡವೇ ಬೇಡ. ಪಲ್ಲೆಯಾದರೆ ನೆತ್ತಿ ಚಿವುಟಬೇಕು, ಬೇರು ನೆಲದಲ್ಲೇ ಬಿಡಬೇಕು. ಕಾರಿನಲ್ಲಿ ಬಂದ ಹೆಣ್ಣುಮಗಳೊಬ್ಬರು ಗೋಳಿ ಪಲ್ಲೆ ನೋಡಿ, ಇದು ಮೊಬೈಲಿನಲ್ಲಿ ಬಂದಿತ್ತು, ಹೃದಯಕ್ಕೆ ಬಲು ಒಳ್ಳೆಯದಂತೆ ಎಂದು ಕಣ್ಣರಳಿಸಿದಾಗ, ಅವರು ಹೋದ ಮೇಲೆ ಆಯಿ ನನ್ನ ಕಡೆ ತಿರುಗಿ, “ಕಾರಿನವರು ತಿಂದ್ರ ಔಷಧ, ನಾವ್ ತಿಂದ್ರ ಬಡತನ” ಅಂದಳು.

ಅಣಬೆಯ ಮಾತು ಬೇರೆ. ಅದರಲ್ಲಿ ಆಕೆ ನಗೆಚಾಟಿಕೆ ಮಾಡುತ್ತಿರಲಿಲ್ಲ. ಮಳೆ ಹಿಡಿದು, ನಾಲ್ಕು ದಿನ ಹೊಳವಾಗಿ, ಮೋಡದ ಸೆಕೆ ಎದ್ದಾಗ ಹುತ್ತದ ಆಸುಪಾಸಿನಲ್ಲಿ ಏಳುವ ಒಂದೇ ಜಾತಿಯ ಅಣಬೆಯನ್ನು ಆಕೆ ಮಾರುತ್ತಿದ್ದಳು. ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಇಡೀ ಪೇಟೆಯಲ್ಲಿ ಕಾಡು ಅಣಬೆ ಮಾರುವವಳು ಆಕೆ ಒಬ್ಬಳೇ. ಅದಕ್ಕೆ ಬೆರಳು ಮಾಡಿ ತೋರಿಸಬಾರದು, ತೋರಿಸಿದರೆ ಮರುವರ್ಷ ಏಳುವುದಿಲ್ಲ ಎಂದು ಬೆರಳು ಮಡಚಿ ಗೆಣ್ಣಿನಿಂದ ತೋರಿಸುವಳು. ಕೀಳಬಾರದು, ಅಗೆಯಬೇಕು. ಕುರ್ಪಿಯನ್ನು ದೂರದಿಂದ ಓರೆಯಾಗಿ ಇಳಿಸಿ, ಮಣ್ಣು ಬಿಡಿಸುತ್ತ ಹೋದರೆ, ಗೇಣುದ್ದದ ಬಿಳಿ ಬೇರು ಹುತ್ತದ ಕಡೆಗೆ ಇಳಿದದ್ದು ಕಾಣಬೇಕು.

“ಬೇರು ಕಂಡ್ರ ಇದು ನಮ್ಮದು. ಬೇರು ಇಲ್ಲಂದ್ರ ಛತ್ರಿ ಎಷ್ಟ ಚೆಂದ ಇರ್ಲಿ, ಕೈ ತೊಳಕೊಂಡ ಮನಿಗಿ ಹೋಗ್ರಿ. ಮತ್ತ ಬೇರು ಇದ್ದದ್ದೆಲ್ಲಾ ತಿನ್ನೂದಂತ ತಿಳಕೋಬ್ಯಾಡ್ರಿ. ಇದೊಂದ ಜಾತಿ, ನಾ ತೋರಿಸಿದ್ದೊಂದ.”

ಅರಿಶಿಣ ಹಾಕಿ ಕುದಿಸಿದರೆ ವಿಷ ಗೊತ್ತಾಗುತ್ತದಂತಲ್ಲ ಎಂದು ನಾನು ಕೇಳಿದ್ದೆ. “ಅರಿಶಿಣ ಹಚ್ಚಿ ಎಷ್ಟ ಮದುವಿ ಕೆಟ್ಟಿಲ್ಲ?” ಎಂದು ಬಾಯಿ ಮುಚ್ಚಿಸಿದಳು. ನಾನು ಪುಸ್ತಕದ ಚಿತ್ರ ತೋರಿಸಿದೆ. ನೋಡಿ, “ನೆಲದ ಮ್ಯಾಲಿಂದು ಬರದಾರ, ಕೆಳಗಿಂದು ಎಲ್ಲೈತ್ರಿ?” ಅಂದಳು. ಇಷ್ಟೆಲ್ಲ ಕಲಿಸಿದ್ದಳು ನನಗೆ. ಎರಡು ಮಳೆಗಾಲ ಆಕೆಯ ಹಿಂದೆ ಕುರ್ಪಿ ಹಿಡಿದು ತಿರುಗಿದ್ದೆ.

ಆಮೇಲೆ ಆ ಪಂಚಮಿ ಬಂತು.

ನಾಗಪ್ಪನಿಗೆ ಹಾಲು ಹಾಕುವ ದಿನ. ನಾನು, ನನ್ನ ಅತ್ತೆ, ಯಜಮಾನರು, ಶಾಲೆಯ ಹಿಂದಿನ ಹುತ್ತಕ್ಕೆ ಹಾಲೆರೆದು ಮೈದಾನದ ಅಡ್ಡದಾರಿಯಿಂದ ಬರುತ್ತಿದ್ದೆವು. ಗೋಲ್‌ಪೋಸ್ಟಿನ ಹತ್ತಿರ ಹುಲ್ಲಿನಲ್ಲಿ ಹದಿನೈದಿಪ್ಪತ್ತು ಬಿಳಿ ಅಣಬೆ ಎದ್ದಿದ್ದವು, ಅಂಗೈಯಗಲದ್ದು, ಒಂದಕ್ಕಿಂತ ಒಂದು ಚೆಂದ. ಅತ್ತೆ ಸೆರಗು ಒಡ್ಡಿದರು. “ಆಯಿ ಕೊಡೂ ಅಣಬಿನ ಅಲ್ಲೇನವಾ ಇವು? ಕೀಳು.”

“ಅಗದು ಬೇರು ನೋಡ್ಬೇಕ್ರಿ ಅತ್ತಿ” ಅಂದೆ.

“ಅಯ್ಯ ನಿನ್ನ! ಇವತ್ತ ನೆಲಾ ಅಗಿತಿಯೇನ? ಹಾಲ ಹಾಕಿ ಇನ್ನೂ ಕೈ ಆರಿಲ್ಲ. ನಾಗಪ್ಪಗ ಕುರ್ಪಿ ತಾಗಿದ್ರ?”

ಪಂಚಮಿಯ ದಿನ ಮಣ್ಣು ಅಗೆಯಬಾರದು ಎನ್ನುವುದು ನನಗೇನು ಹೊಸದೇ? ನಮ್ಮ ತಾಯಿಯೂ ಹೇಳುತ್ತಿದ್ದಳು. ಬಗ್ಗಿ ಕೈಯಿಂದಲೇ ಚಿವುಟಿದೆ. ಬೇರಿತ್ತೋ ಇಲ್ಲವೋ ನಾಗಪ್ಪನಿಗೇ ಗೊತ್ತು. ಮನೆಗೆ ಬಂದು, ಅಂದು ಈಳಿಗೆ ಮುಟ್ಟಬಾರದೆಂದು ಕೈಯಿಂದ ಹರಿದೆ. ಹಂಚು ಇಡಬಾರದೆಂದು ಗಡಿಗೆಯಲ್ಲಿ ಉಪ್ಪು ಹಾಕಿ ಕುದಿಸಿದೆ. ಒಂದೇ ಒಂದು ನೇಮ ತಪ್ಪಲಿಲ್ಲ. ಉಂಡಿಯ ಜೊತೆ ಬಡಿಸಿಕೊಂಡು ಮೂವರೂ ಉಂಡೆವು. ಎರಡು ತಾಸಿಗೆ ಮೂವರೂ ಹಿತ್ತಲಿನಲ್ಲಿ ಸಾಲಾಗಿ ಕುಳಿತು ವಾಂತಿ ಮಾಡಿಕೊಂಡೆವು. ಪಕ್ಕದ ಮನೆಯವರು ಆಟೋ ತಂದರು.

ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚುತ್ತ ಡಾಕ್ಟರು ಕೇಳಿದರು. “ಅಣಬಿ ಎಲ್ಲಿಂದ ತಂದಿದ್ರಿ ಅಕ್ಕೋರ?”

ಡಾಕ್ಟರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಹಿಂದಿನ ವಾರವಷ್ಟೇ ಆ ಕ್ಲಾಸಿಗೆ ಶಿಲೀಂಧ್ರಗಳ ಪಾಠ ಮಾಡಿದ್ದೆ. ಗುರುತು ಹಿಡಿಯಲಾಗದ ಅಣಬೆಯನ್ನು ಮುಟ್ಟಕೂಡದು ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ವಿಜ್ಞಾನದ ಅಕ್ಕೋರು ಗ್ರೌಂಡಿನಲ್ಲಿ ಎದ್ದದ್ದನ್ನು ಕಿತ್ತು ತಿಂದರು ಎಂದು ನಾಳೆ ಶಾಲೆಯೆಲ್ಲ ನಗುವುದು ಕಣ್ಣಿಗೆ ಕಟ್ಟಿತು.

“ಪ್ಯಾಟ್ಯಾಗ ತಗೊಂಡಿದ್ದೆರಿ” ಅಂದೆ.

ಅಷ್ಟೇ. ಯಾರ ಹೆಸರನ್ನೂ ಹೇಳಲಿಲ್ಲ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಕಳ್ಳ ಸಮಾಧಾನ! ಪೇಟೆಯಲ್ಲಿ ಅಣಬೆ ಮಾರುವವಳು ಒಬ್ಬಳೇ ಎಂದು ಊರಿಗೇ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವೇ? ಅತ್ತೆಗೂ ಯಜಮಾನರಿಗೂ ಖರೇ ಗೊತ್ತಿತ್ತು. ಅವರೂ ಸುಮ್ಮನಿದ್ದರು. ಮನೆತನದ ಮರ್ಯಾದೆ.

ನಾಲ್ಕು ದಿನದಲ್ಲಿ ನಾವು ಚೇತರಿಸಿಕೊಂಡೆವು. ಆ ನಾಲ್ಕು ದಿನದಲ್ಲಿ ಪೇಟೆಯವರು ಆಯಿಯ ಬುಟ್ಟಿಯನ್ನು ಗಟಾರಕ್ಕೆ ಚೆಲ್ಲಿದ್ದರು. ಅಣಬೆಯಷ್ಟೇ ಅಲ್ಲ, ಪಲ್ಲೆಯನ್ನೂ. ಮಗ್ಗುಲಲ್ಲಿ ಕೊತ್ತಂಬರಿ ಮಾರುವವಳು ತನ್ನ ತಾಡಪಾಲು ದೂರ ಎಳೆದುಕೊಂಡಳು. ಆಯಿಯ ಮನೆಯಲ್ಲಿ ಬುದ್ಧನ ಪಟ ಇತ್ತು. ಆಕೆಗೆ ಪಂಚಮಿಯ ನೇಮ ಇರಲಿಲ್ಲ, ಆ ದಿನವೂ ನೆಲ ಅಗೆಯುತ್ತಿದ್ದಳು. ಅದೂ ಈಗ ಮಂದಿಗೆ ನೆನಪಾಯಿತು. ಹಬ್ಬದ ದಿನ ಹುತ್ತ ಕೆದರಿದ ಕೈ, ಅದಕ್ಕೇ ವಿಷ ಹತ್ತಿತು ಎಂದರು. ಅಗೆಯದೆ ಕಿತ್ತ ಕೈ ನನ್ನದು, ಊರು ಬೈದದ್ದು ಅಗೆದ ಕೈಯನ್ನು.

ಬೇರೆ ಯಾರಾದರೂ ಆಗಿದ್ದರೆ ಊರು ಬಿಡುತ್ತಿದ್ದರು. ಆಯಿ ಮಾರನೆಯ ದಿನವೇ ತಾನು ಎಂದಿನಿಂದಲೂ ಕೂರುವ ಬೇವಿನ ಗಿಡದ ಬುಡದಲ್ಲಿ ಬುಟ್ಟಿ ಇಟ್ಟಳು. ಯಾರೂ ಕೊಳ್ಳಲಿಲ್ಲ. ಬಿಸಿಲೇರುವತನಕ ಕುಳಿತು, ಎದ್ದು ನಿಂತು ಕೂಗಿದಳಂತೆ. “ನನ್ನ ಬುಟ್ಟ್ಯಾಗಿಂದು ತಿಂದು ಯಾರ ಹೊಟ್ಟಿ ನೊಂದೈತಿ, ಅವರು ನನ್ನ ಎದುರಿಗೆ ಬರ್ರಿ! ಹಿಂದ ನಿಂತ ಮಾತಾಡಬ್ಯಾಡ್ರಿ!” ದಿನಾಲು ಹಾಗೆ ಒಮ್ಮೆ ಕೂಗಿ ಮನೆಗೆ ಹೋಗುತ್ತಿದ್ದಳಂತೆ. ನಾನು ಹದಿನಾರು ದಿನ ಪೇಟೆಯ ದಾರಿ ತುಳಿಯಲಿಲ್ಲ.

ಹದಿನೇಳನೆಯ ದಿನ ಆಕೆಯ ಮನೆಗೆ ಹೋದೆ. ಅಂಗಳದಲ್ಲಿ ತಗಚಿಯ ಎಲೆ ಬಿಡಿಸುತ್ತ ಕುಳಿತಿದ್ದಳು. ನನ್ನ ಚಪ್ಪಲಿ ನೋಡಿ ತಲೆ ಎತ್ತಿದಳು. ಎಲ್ಲ ಹೇಳಿದೆ. ಅತ್ತೆ, ಹಾಲು, ಗೋಲ್‌ಪೋಸ್ಟು, ಡಾಕ್ಟರು. ಹೇಳುತ್ತ ಅತ್ತೂಬಿಟ್ಟೆ. ಆಕೆ ಕೇಳಿದ ಮೊದಲ ಮಾತು ಇದು.

“ಬೇರು ನೋಡಲಿಲ್ಲ?”

“ಇಲ್ಲ ಆಯಿ.”

“ಎರಡ ವರ್ಷ ನನ್ನ ಬೆನ್ನ ಹತ್ತಿ ತಿರಿಗಿ, ಬೇರು ನೋಡಲಿಲ್ಲ? ಗೋಲ್‌ಪೋಸ್ಟಿನ ಕಡೆ ಹುತ್ತ ಐತೇನು? ಹುತ್ತ ಇಲ್ಲದಲ್ಲಿ ಹುತ್ತದ ಅಣಬಿ ಎಲ್ಲಿಂದ ಬರತೈತಿ? ಕತ್ತಿ! ಸಾಲಿ ಕಲಸ್ತಾಳಂತ, ಸಾಲಿ!” ಕೈಯಲ್ಲಿದ್ದ ತಗಚಿಯನ್ನು ನನ್ನ ಮುಖಕ್ಕೆ ಎಸೆದಳು. ಅಲ್ಲಿಯತನಕ ಆಕೆ ನನಗೆ ‘ರಿ’ ಬಿಟ್ಟು ಮಾತಾಡಿದವಳಲ್ಲ. ಅಂದಿನಿಂದ ಸಾಯುವತನಕ ‘ರಿ’ ಹಚ್ಚಲಿಲ್ಲ.

ತಪ್ಪಾಯಿತು ಅಂದೆ.

“ನನ್ನ ಮುಂದ ಯಾಕ ಹೇಳತಿ? ನಾ ಕೊಟ್ಟಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳು ನಡಿ.” ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಪೇಟೆಯ ನಡುವೆ ನಿಂತು ಹೇಳಿದೆ. ಮಂದಿ ಕೇಳಿದರು. ಕೊತ್ತಂಬರಿಯವಳು ಎದ್ದು ಬಂದು ನನ್ನ ಕೈ ಹಿಡಿದು, “ಪಾಪ, ಮುದುಕಿ ಹೊಟ್ಟಿಪಾಡ ನೋಡಿ ಹೇಳಾಕತ್ತೀರಿ. ದೇವರಂಥವರು ನೀವು” ಅಂದಳು. ಹಿಂದಿನಿಂದ ಯಾರೋ, “ವಿಜ್ಞಾನದ ಅಕ್ಕೋರು, ಅವರಿಗೆ ಅಣಬಿ ಗೊತ್ತಾಗೂದಿಲ್ಲೇನಪಾ?” ಎಂದು ನಕ್ಕರು. ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರೂ ನಕ್ಕರು, ಬಿ.ಪಿ. ನೋಡಿ ಕಳಿಸಿದರು. ಒಂದು ಮಾತಿನ ಸುಳ್ಳನ್ನು ಊರೆಲ್ಲ ನಂಬಿತ್ತು. ಖರೇ ಹೇಳಿದರೆ ನನ್ನ ಮರ್ಯಾದೆ ಇನ್ನಷ್ಟು ಏರಿತು! ನಮ್ಮಂಥವರ ಮಾತಿಗೆ ಇರುವ ಬೆಲೆ ಎಂಥದೆಂದು ಅವತ್ತು ಗೊತ್ತಾಯಿತು, ಆಯಿಯಂಥವರ ಮಾತಿಗೆ ಇರುವ ಬೆಲೆಯೂ.

ನಾನು ಅಳುತ್ತ ಬೇವಿನ ಗಿಡದ ಹತ್ತಿರ ಬಂದೆ. ಆಯಿ ಗೋಣಿತಟ್ಟನ್ನು ಬಿಚ್ಚಿ ಅಗಲ ಹಾಸಿದಳು. “ಅತ್ತು ಏನ್ ಆಕ್ಕೈತಿ? ನಂಬಲಿಲ್ಲಂದ್ರ ನಂಬೂತನಕ ಹೇಳು. ಬಾ, ಇಲ್ಲೆ ಕುಂದರು.”

ಕುಳಿತೆ. ಅಂದಿನಿಂದ ಪ್ರತಿ ಸಂತೆಯ ದಿನ, ಶಾಲೆ ಬಿಟ್ಟ ಮೇಲೆ, ಅದೇ ಗೋಣಿತಟ್ಟಿನ ಮೇಲೆ ಆಕೆಯ ಮಗ್ಗುಲಲ್ಲಿ. ಅತ್ತೆ ಎರಡು ತಿಂಗಳು ಮಾತು ಬಿಟ್ಟರು. ಹೆಡ್‌ಮಾಸ್ಟರು ಕರೆದು, ಅಕ್ಕೋರಾದವರು ಹೀಗೆ ಬೀದಿಯಲ್ಲಿ ಕೂರುವುದು ಶೋಭೆಯಲ್ಲ ಎಂದರು. ಸುಳ್ಳು ಹೇಳಿದ್ದು ಶೋಭೆಯೇನ್ರಿ ಎಂದು ಕೇಳಿದೆ. ನಿಧಾನಕ್ಕೆ ಹಕ್ಕರಕಿ ಹೋಗತೊಡಗಿತು, ಗೋಳಿ ಹೋಗತೊಡಗಿತು. ಅಣಬೆ ಮಾತ್ರ ಯಾರೂ ಮುಟ್ಟಲಿಲ್ಲ. ಹಟಮಾರಿ ಹೆಂಗಸು, ಮುಂದಿನ ಮೂರು ಮಳೆಗಾಲವೂ ಅಗೆದು ತಂದಳು, ಉದ್ದ ಬೇರುಗಳು ಎದುರಿಗೆ ಕಾಣುವಂತೆ ಎಲೆಯ ಮೇಲೆ ಸಾಲಾಗಿ ಜೋಡಿಸಿದಳು, ಸಂಜೆ ಹಾಗೆಯೇ ಎತ್ತಿಕೊಂಡಳು. “ಒಯ್ಯದಿದ್ರ ಬಿಡ್ಲಿ. ನಾ ಅಂಜಿ ಬಚ್ಚಿಟ್ಟೆ ಅನ್ನಬಾರದು” ಎನ್ನುವಳು. ಮನೆಗೆ ಹೋಗಿ ಇಬ್ಬರೂ ರೊಟ್ಟಿಯ ಜೊತೆ ಉಣ್ಣುತ್ತಿದ್ದೆವು. ಆ ರುಚಿಯನ್ನು ಊರು ಕಳೆದುಕೊಂಡಿತು, ಕಳೆದುಕೊಳ್ಳಲಿ.

ಈ ಬೇಸಿಗೆಯಲ್ಲಿ ಆಯಿ ಹೋದಳು. ಜ್ವರ ಬಂದು ಐದೇ ದಿನ. ಕೊನೆಯ ದಿನ ಬಾಯಿಗೆ ನೀರು ಬಿಡಲು ಹೋದಾಗ, “ಯಾರರ ನಂಬಿದ್ರೇನ?” ಎಂದು ಕೇಳಿದಳು. ಸುಳ್ಳು ಹೇಳುವುದು ಸುಲಭವಿತ್ತು. ಆಕೆಗೆ ಮತ್ತೊಮ್ಮೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇನ್ನೂ ಇಲ್ಲ ಆಯಿ” ಅಂದೆ. “ಹೇಳೂದು ಬಿಡಬ್ಯಾಡ ಮತ್ತ” ಎಂದು ಮಗ್ಗುಲಾದಳು.

ಶ್ರಾವಣ ಬಂತು. ಈ ಸಲ ಪಂಚಮಿಯ ದಿನವೇ ಕುರ್ಪಿ ಹಿಡಿದು ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಶಾಲೆಯ ಹಿಂದಿನ ಹುತ್ತಕ್ಕೆ ಹೆಂಗಸರು ಹಾಲು ಹಾಕುತ್ತಿದ್ದರು. ಅವರೆಲ್ಲರ ಕಣ್ಣೆದುರಿಗೆ ಹತ್ತು ಹೆಜ್ಜೆ ದೂರ ಕುಳಿತು ನೆಲ ಅಗೆದೆ. ಯಾವಾಕೆಯೋ “ಏ ಅಕ್ಕೋರ, ಇವತ್ತ!” ಎಂದು ಚೀರಿದಳು. ಅಗೆಯುತ್ತಲೇ ಇದ್ದೆ. ಬೇರು ಇಳಿದಷ್ಟು ಇಳಿದೆ, ಒಂದೊಂದನ್ನೂ ಕಡೆಯತನಕ ನೋಡಿ ಎತ್ತಿದೆ. ಪೇಟೆಗೆ ಒಯ್ದು ಬೇವಿನ ಬುಡದಲ್ಲಿ ಒಬ್ಬಳೇ ಕುಳಿತು ಎಲೆಯ ಮೇಲೆ ಜೋಡಿಸಿದೆ.

ಒಳ್ಳೆಯ ಇಳಕಲ್ ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ಬಂದು ಬಗ್ಗಿ ನೋಡಿದಳು. “ಅಕ್ಕೋರ, ನೀವ ಸ್ವತಃ ತಂದೀರೇನ್ರಿ? ಹಂಗಾರ ಧೈರ್ಯಲೇ ಒಯ್ಯಬಹುದು. ಆ ಮುದುಕಿ ಕುಂತಾಗ ತಗೊಳ್ಳಾಕ ಅಂಜಿಕಿ ಬರತಿತ್ರಿ.” ಚೀಲ ಬಿಚ್ಚಿ ಹಿಡಿದಳು. ಹಿಂದೆ ಇನ್ನಿಬ್ಬರು ಬಂದು ನಿಂತರು. ಮೂರು ಮಳೆಗಾಲ ಯಾರೂ ಮುಟ್ಟದ ಅಣಬೆಗೆ ಪಾಳಿ ಹತ್ತಿತ್ತು.

ನಾನು ಎದ್ದು ನಿಂತೆ. “ಆ ಮುದುಕಿ ಕೈಯಿಂದ ಒಬ್ಬರ ಹೊಟ್ಟೀನೂ ನೊಂದಿಲ್ಲ. ಗ್ರೌಂಡಿನ್ಯಾಗಿಂದ ವಿಷದ ಅಣಬಿ ಕಿತ್ತಾಕಿ ನಾನು. ಗಂಡಗ, ಅತ್ತಿಗಿ ತಿನ್ನಿಸಿದಾಕಿ ನಾನು. ಡಾಕ್ಟರ ಮುಂದ ಸುಳ್ಳ ಹೇಳಿ ಅಕಿ ಬುಟ್ಟಿ ಗಟಾರಕ್ಕ ಹಾಕಿಸಿದಾಕೀನೂ ನಾನು. ಇವು ಅದ ಕೈಲೆ ತಂದಾವು. ಈಗ ಒಯ್ಯತೀಯೇನ, ಹೇಳು!”

ಆಕೆ ನನ್ನ ಮುಖ ನೋಡಿದಳು. ಅಣಬೆ ನೋಡಿದಳು. ನನ್ನ ಕೈ ನೋಡಿದಳು. ಚೀಲವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದೆ ನಿಂತ ಇಬ್ಬರೂ ಸರಿದರು.

ಒಂದೂ ಮಾರಲಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ಮೂವರು ನನ್ನ ಮಾತು ನಂಬಿದರು.